ಗುಂಡುಸೂಜಿ ಚುಚ್ಚಿದ ಚೀಟಿ

ವೇದಿಕೆಯ ಮೇಲಿರುವ ಹಿರಿಯರೇ, ಅಚ್ಚುಕೂಟದ ನನ್ನ ಒಡನಾಡಿಗಳೇ, ಮೊದಲ ಸಾಲಿನಲ್ಲಿ ಕುಳಿತಿರುವ ಅತ್ತಿಗೆಯವರೇ, ಮಗಳೇ — ಎಲ್ಲರಿಗೂ ನಮಸ್ಕಾರ. ಅಗಲಿದ ಗೆಳೆಯನನ್ನು 'ಅವರು' ಅನ್ನಬೇಕು. ಬಾಯಿಗೆ ಬರುವುದು 'ಅವನು' ಅಂತಲೇ. ಮನ್ನಿಸಿ.

ನಾವೆಲ್ಲ ಅವನನ್ನು 'ಕಾಮಾ' ಅಂತ ಕರೆಯುತ್ತಿದ್ದೆವು. ಕರಡು ತಿದ್ದುವ ಕೋಣೆ, ಒಂದೇ ಮೇಜು, ಎದುರುಬದುರು ಕುರ್ಚಿ — ಮೂವತ್ತೆರಡು ವರ್ಷ. ಅವನು ಹಸ್ತಪ್ರತಿ ಗಟ್ಟಿಯಾಗಿ ಓದುವುದು, ನಾನು ಅಚ್ಚಾದ ಹಾಳೆ ನೋಡಿ ತಿದ್ದುವುದು. ಕಾಮಾ, ಫುಲ್‌ಸ್ಟಾಪ್ ಎಲ್ಲ ಬಾಯಲ್ಲೇ ಹೇಳಬೇಕು. ಹೇಳಿ ಹೇಳಿ, ಚಹಾದವನಿಗೂ "ಒಂದು ಟೀ ಕಾಮಾ ಸಕ್ಕರೆ ಕಮ್ಮಿ ಫುಲ್‌ಸ್ಟಾಪ್" ಅನ್ನುತ್ತಿದ್ದ. ನಗಬಹುದು, ಅವನೂ ನಗುತ್ತಿದ್ದ.

ಹೋದ ವಾರ ಅತ್ತಿಗೆ ಕೇಳಿದರು — "ಮದುವೆಗೆ ಮುಂಚೆ ಇವರು ಪದ್ಯ ಬರೀತಿದ್ರಂತೆ, ಹೌದಾ? ಮನೇಲಿ ಒಂದೂ ಇಲ್ಲ. ನಿಮ್ಮ ಹತ್ರ ಇದ್ರೆ ಸಭೇಲಿ ಓದಿ."

ಇದೆ ಅತ್ತಿಗೆ. ಒಂದಿದೆ.

ನಮಗಾಗ ಇಪ್ಪತ್ತೆರಡೋ ಇಪ್ಪತ್ತಮೂರೋ. ಎಲ್ಲೇ ಕವನ ಸ್ಪರ್ಧೆ ಅಂದರೂ ಇಬ್ಬರೂ ಕಳಿಸುವುದೇ. ಅವನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಹಾಗಾಗಿ ಇಬ್ಬರ ಪದ್ಯವನ್ನೂ ನಾನೇ ಚೊಕ್ಕವಾಗಿ ಬರೆದು ಲಕೋಟೆಗೆ ಹಾಕುತ್ತಿದ್ದೆ. ಪದ್ಯದ ಹಾಳೆಯಲ್ಲಿ ಹೆಸರಿರಕೂಡದು. ಹೆಸರನ್ನು ಬೇರೆ ಚೀಟಿಯಲ್ಲಿ ಬರೆದು, ಮಡಿಸಿ, ಗುಂಡುಸೂಜಿಯಿಂದ ಚುಚ್ಚಬೇಕು — ಅದು ನಿಯಮ. ಆ ಸಲ ಕೊನೆಯ ದಿನ, ಅಂಚೆ ಡಬ್ಬಿ ತೆಗೆಯುವ ಹೊತ್ತು. ಗಡಿಬಿಡಿಯಲ್ಲಿ ಎರಡು ಚೀಟಿ ಅದಲುಬದಲಾದವು. ಬೇಕಂತ ಮಾಡಿದ್ದಲ್ಲ, ನಂಬಿ. ಮುಂದೆ ನಡೆದದ್ದೆಲ್ಲ ಬೇಕಂತಲೇ.

ನನ್ನ ಪದ್ಯ ಅವನ ಹೆಸರಲ್ಲಿ ಕಸದ ಬುಟ್ಟಿ ಸೇರಿತು. ಅವನದ್ದಕ್ಕೆ ನನ್ನ ಹೆಸರಲ್ಲಿ ಮೊದಲ ಬಹುಮಾನ. ನಾನು ವೇದಿಕೆ ಹತ್ತಿದ ಮೇಲೆ ಅದನ್ನು ಓದಿದರು — ಸತ್ತ ಅಪ್ಪನ ಕನ್ನಡಕದ ಪದ್ಯ. ಅವನ ಅಪ್ಪ ಹೋಗಿ ಮೂರು ತಿಂಗಳಾಗಿತ್ತು. ನನ್ನ ಅಪ್ಪ ಗುಂಡುಕಲ್ಲಿನ ಹಾಗೆ ಎರಡನೇ ಸಾಲಿನಲ್ಲಿ ಕೂತಿದ್ದರು, ಕನ್ನಡಕ ಹಾಕಿಕೊಂಡು. ಮನೆಗೆ ಬಂದು ಕೇಳಿದರು, "ನಾನು ಯಾವಾಗ ಸತ್ತೆನೋ?"

"ಕಲ್ಪನೆ, ಅಪ್ಪಾ" ಅಂದೆ.

ಅವನು? ಕೊನೆಯ ಸಾಲಿನ ಹಿಂದೆ ನಿಂತು ಚಪ್ಪಾಳೆ ತಟ್ಟುತ್ತಿದ್ದ. ಮೈಕು ನನ್ನ ಕೈಯಲ್ಲೇ ಇತ್ತು. ಒಂದು ವಾಕ್ಯ ಸಾಕಿತ್ತು — ಒಂದೇ ವಾಕ್ಯ. ವಂದನೆ ಹೇಳಿ ಇಳಿದೆ.

ಮರುದಿನ ಮೇಜಿನ ಮುಂದೆ ಬಾಯಿ ತೆಗೆದೆ — "ಆ ಚೀಟಿ..."

ತಲೆ ಎತ್ತಲಿಲ್ಲ. "ಫುಲ್‌ಸ್ಟಾಪ್. ಮುಂದಿನ ಪುಟ" ಅಂದ. ಆಮೇಲೆ ಅವನು ಒಂದು ಸಾಲೂ ಬರೆಯಲಿಲ್ಲ.

ಆ ಪದ್ಯ ನನ್ನ ಮೊದಲ ಪುಸ್ತಕದ ಮೊದಲ ಪದ್ಯ. ನಿಮ್ಮಲ್ಲಿ ಎಷ್ಟೋ ಜನಕ್ಕೆ ಬಾಯಿಪಾಠ. ಆ ಪುಸ್ತಕದ ಕರಡು ನಮ್ಮ ಮೇಜಿಗೇ ಬಂತು. ಓದಿದ್ದು ಅವನೇ, ಒಂದು ಕಾಮಾ ಬಿಡದೆ. ಪದ್ಯ ಮುಗಿದು, ಕೆಳಗಿನ ಬಹುಮಾನದ ಟಿಪ್ಪಣಿಯಲ್ಲಿ ನನ್ನ ಹೆಸರು ಬಂದಾಗ — ನಿಂತ. ಹೀಗೆ, ಬೆರಳನ್ನು ಹೆಸರಿನ ಮೇಲಿಟ್ಟುಕೊಂಡು. ಕಾಯುತ್ತಿದ್ದಾನೆ ಅಂತ ನನಗೆ ಗೊತ್ತಿತ್ತು. ಕೈಯಲ್ಲಿ ಕೆಂಪು ಪೆನ್ನಿತ್ತು. ತಿದ್ದುವುದೇ ನನಗೆ ಸಂಬಳ ಕೊಡುತ್ತಿದ್ದ ಕೆಲಸ.

"ಸರಿಯಿದೆ, ಮುಂದೆ ಓದು" ಅಂದೆ.

ಅವನು ಓದಿದ. ನನಗೆ ನಾಚಿಕೆಯಾಗಲಿಲ್ಲ; ಹೆದರಿಕೆಯಾಗಿತ್ತು. ನಾಚಿಕೆ ಈಗ ಆಗುತ್ತಿದೆ, ಹೊತ್ತು ಮೀರಿದ ಮೇಲೆ.

ಮಗಳೇ, ಬಾ. ಆ ಪುಸ್ತಕದ ಈ ಪ್ರತಿ ತಗೋ. ನನ್ನ ಹೆಸರು ಹೊಡೆದುಹಾಕಿದ್ದೇನೆ. ಅಂಚಿನಲ್ಲಿ ನಿಮ್ಮಪ್ಪನ ಹೆಸರಿದೆ. ಅತ್ತಿಗೆ, ಕ್ಷಮಿಸಿ ಅನ್ನುವ ಮುಖ ನನಗಿಲ್ಲ. ಕ್ಷಮಿಸಬೇಕಾದವನು ಹೊರಟುಹೋದ.

ಇನ್ನು ದಯವಿಟ್ಟು ಎಲ್ಲರೂ ಎದ್ದು ನಿಂತು ಎರಡು ನಿಮಿಷ ಮೌನವಾಗಿರಿ. ಆಮೇಲೆ ಅವನ ಮಗಳು ಪದ್ಯ ಓದುತ್ತಾಳೆ. ಮೊದಲು ಹೆಸರು ಓದು ಮಗಳೇ, ಆಮೇಲೆ ಪದ್ಯ. ನಾನು ಕೆಳಗಿಳಿದು ಕೊನೆಯ ಸಾಲಿನ ಹಿಂದೆ ಹೋಗಿ ನಿಲ್ಲುತ್ತೇನೆ.

ಏಳಿ.