ದೊಡ್ಡಕ್ಕ ಹೇಳಿದ ಉಪಾಯ

ಇಲ್ಲ ಟೀಚರ್, ಆ ಕುರ್ಚಿ ಬೇಡ, ಅದರ ಕಾಲು ಅಲ್ಲಾಡುತ್ತೆ. ಇಲ್ಲಿ, ಇಲ್ಲಿ ಕೂತ್ಕೊಳ್ಳಿ. ಸ್ವಲ್ಪ ಮೆಲ್ಲಗೆ ಮಾತಾಡೋಣ, ಆಯ್ತಾ? ಗುಬ್ಬಿ ಒಳಗಿದ್ದಾಳೆ. ಹ್ಞೂಂ, ಅದೇ ಕೋಣೆ. ನೀವು ಅವಳ ಕ್ಲಾಸ್ ಟೀಚರೇ ಇರಬಹುದು, ಆದ್ರೂ ಈಗ ಅವಳನ್ನ ಕರೀಬೇಡಿ. ಅಷ್ಟು ಕೇಳ್ಕೊಳ್ತೀನಿ.

ಅವರಮ್ಮ ಆಸ್ಪತ್ರೆಗೆ ಹೋಗಿದ್ದಾಳೆ, ಡ್ಯೂಟಿ ಇದೆ. ನರ್ಸು. ಅವಳಿದ್ದಿದ್ರೆ ನಿಮ್ಮನ್ನ ಹೊಸಿಲು ದಾಟೋಕೂ ಬಿಡ್ತಿರಲಿಲ್ಲ. ನಾನು ಅಂತ... ಏನು? ಕ್ಷಮೆಯಾ? ಕೇಳಿ, ಧಾರಾಳವಾಗಿ ಕೇಳಿ. ಆದ್ರೆ ನನ್ನನ್ನ ಕೇಳಿ ಏನು ಬಂತು?

ನೀವೇ ಯೋಚನೆ ಮಾಡಿ. ಉಗ್ಗೋ ಮಗು. ಶಾಲೆಗೆ ಸೇರಿಸಿದ ದಿನವೇ ನಾನು ನಿಮ್ಮ ಹತ್ರ ಬಂದು ಹೇಳಿದ್ದೆ, ಟೀಚರ್, ಇವಳಿಗೆ ಮಾತು ಸ್ವಲ್ಪ ತಡೆಯುತ್ತೆ, ಆತುರಪಡಿಸಬೇಡಿ ಅಂತ. ಹೇಳಿದ್ನೋ ಇಲ್ವೋ? ಅಂಥಾ ಮಗುವನ್ನ ಇಡೀ ಶಾಲೆ ಸಾಲಾಗಿ ನಿಂತಿರುವಾಗ, ಮೊದಲೇ ಒಂದು ಮಾತೂ ಹೇಳದೆ, ಹೆಸರು ಕೂಗಿ ವೇದಿಕೆಗೆ ಕರೆದು, ಕೈಗೆ ಮೈಕು ಕೊಟ್ಟು, ಪದ್ಯ ಹೇಳು ಅಂದ್ರೆ? ಹೇಳು ಅಂದ್ರೆ? "ಹ... ಹ... ಹ..." ಆಚೆ ರಸ್ತೇಲಿ ಹೋಗೋರಿಗೂ ಕೇಳಿಸ್ತಂತೆ. ಮೊದಲು ಒಬ್ಬ ನಕ್ಕನಂತೆ, ಆಮೇಲೆ ಸಾಲಿಗೆ ಸಾಲೇ ನಕ್ಕಿತಂತೆ. ನಿಂತ ಜಾಗದಲ್ಲೇ ಒದ್ದೆ ಮಾಡ್ಕೊಂಡಳು. ನೀವೇ ನಿಮ್ಮ ದುಪಟ್ಟಾ ಸುತ್ತಿ ಎತ್ಕೊಂಡು ಹೋದ್ರಂತೆ. ಅದೊಂದಕ್ಕೆ... ಅದಕ್ಕೆ ಥ್ಯಾಂಕ್ಸ್.

ಅವತ್ತಿಂದ ಬಾಯಿ ಬಿಟ್ಟಿಲ್ಲ ಟೀಚರ್. ಉಗ್ಗೋದೂ ಇಲ್ಲ ಈಗ! ನೀರು ಬೇಕಾದ್ರೆ ಲೋಟ ತೋರಿಸ್ತಾಳೆ. ಸ್ನಾನಕ್ಕೆ ಅಂದ್ರೆ ಎದ್ದು ಹೋಗ್ತಾಳೆ, ಊಟಕ್ಕೆ ಅಂದ್ರೆ ಬಂದು ಕೂರ್ತಾಳೆ. ಶಾಲೆಗೆ ಅಂದ್ರೆ ಮಾತ್ರ ಮಂಚದ ಕಾಲು ಹಿಡ್ಕೊಂಡುಬಿಡ್ತಾಳೆ. ಆ ಬೆರಳು ಬಿಡಿಸೋಕೆ ನನ್ನ ಕೈಲಿ ಆಗಲ್ಲ.

ಅದಕ್ಕೇ ದೂರು ಕೊಟ್ಟೆ. ಹೌದು, ಕೊಟ್ಟೆ. ಮುಖ್ಯ ಶಿಕ್ಷಕರ ಎದುರು ನಿಂತು, ಈ ಟೀಚರ್ ಮಕ್ಕಳ ಮುಂದೆ ನಿಲ್ಲೋಕೆ ಲಾಯಕ್ಕಿಲ್ಲ ಅಂದೆ. ವಿಚಾರಣೆ ಮುಗಿಯೋವರೆಗೂ ನಿಮ್ಮನ್ನ ಪಾಠ ಬಿಡಿಸಿ ಆಫೀಸಿನ ಮೂಲೇಲಿ ಕೂರಿಸಿದ್ದಾರಂತೆ. ಗೊತ್ತು. ನನಗೇನು ಸಂತೋಷವಾ? ಅಳಬೇಡಿ ದಯವಿಟ್ಟು... ಅಳ್ತಿಲ್ವಾ? ಸರಿ, ನನಗೇ ಹಾಗೆ ಕಾಣ್ತು.

ಏನದು? ಚೀಲದಿಂದ ಏನು ತೆಗೀತಿದೀರಿ?

ಓ... "ಶಾಲಾ ವಾರ್ತೆ." ಹೋದ ತಿಂಗಳದ್ದು. ನೋಡಿದೀನಿ, ಯಾರು ನೋಡಿಲ್ಲ? ರಾಜ್ಯದಲ್ಲಿರೋ ಒಂದೊಂದು ಸರ್ಕಾರಿ ಶಾಲೆಗೂ ಹೋಗುತ್ತೆ, ಮಕ್ಕಳ ಚೀಲ ಹತ್ತಿ ಮನೆಮನೆಗೂ ಬರುತ್ತೆ. ಪರೀಕ್ಷೆ ಯಾವಾಗ, ಪುಸ್ತಕ ಯಾವಾಗ, ಯಾವ ಶಾಲೆಗೆ ಬಹುಮಾನ ಬಂತು... ಕೊನೇ ಪುಟದಲ್ಲಿ ದೊಡ್ಡಕ್ಕನ ಅಂಕಣ. ಟೀಚರುಗಳಿಗೂ ಹೆತ್ತವರಿಗೂ ದೊಡ್ಡಕ್ಕನ ಬುದ್ಧಿಮಾತು. ಅದನ್ನ ಯಾಕೆ ಈಗ...

ಗೆರೆ ಎಳೆದಿದೀರಿ. "ಭಯಪಡೋಕೆ ಸಮಯ ಕೊಡಬೇಡಿ." ಹ್ಞೂಂ. ಅಂದ್ರೆ... ದೊಡ್ಡಕ್ಕ ಹೇಳಿದಳು, ನೀವು ಮಾಡಿದ್ರಿ. ಚೆನ್ನಾಗಿದೆ! ದೊಡ್ಡಕ್ಕ ಬಾವಿಗೆ ಬೀಳು ಅಂದ್ರೆ ಬೀಳ್ತೀರಾ? ಓದಿದವರು ನೀವು, ಸ್ವಂತ ಬುದ್ಧಿ ಬೇಡವಾ? ಯಾವುದೋ ಊರಲ್ಲಿ ಯಾರೋ ಒಬ್ಬ ಉಗ್ಗೋ ಹುಡುಗಿ. ಟೀಚರು ದಿಢೀರ್ ಅಂತ ವೇದಿಕೆಗೆ ಕರೆದ್ರಂತೆ, ನೀರು ಹರಿದ ಹಾಗೆ ಪದ್ಯ ಹೇಳಿದಳಂತೆ, ಸಭೆಯೆಲ್ಲ ಚಪ್ಪಾಳೆ. ಅವಳು ಮಾತ್ರ ಗೋಡೆ ಕಡೆ ತಿರುಗಿ, ಬೆರಳಲ್ಲಿ ಸುಣ್ಣ ಕೆರೀತಾ ನಿಂತಿದ್ದಳಂತೆ. ಒಂದು ಮಗುವಿಗೆ ಆಯ್ತು ಅಂತ ಎಲ್ಲಾ ಮಕ್ಕಳಿಗೂ ಆಗುತ್ತಾ?

ಯಾಕೆ ಹಾಗೆ ನೋಡ್ತೀರಿ?

ಗೋಡೆ... ಗೋಡೆ ವಿಷಯ ಅಲ್ಲೇ ಇದೆಯಲ್ಲ, ಕೊನೇಲಿ. ಕೊಡಿ ಇಲ್ಲಿ. ಇದೋ, "ಚಪ್ಪಾಳೆ..." ಇಲ್ವಾ? ಇಲ್ಲ. ತೆಗೆದುಬಿಟ್ಟಿದ್ದಾರೆ. ಜಾಗ ಸಾಲಲಿಲ್ಲ ಅಂತ ಕಾಣುತ್ತೆ... ಅಂದ್ರೆ, ನಾನು ಬೇರೆ ಎಲ್ಲೋ ಓದಿರಬೇಕು. ಯಾರೋ ಹೇಳಿರಬೇಕು. ಇರಿ, ನಿಮಗೆ ನೀರು ಕೊಡಲೇ ಇಲ್ಲ ನೋಡಿ ನಾನು. ಬೇಡವಾ? ಟೀ? ಏನೂ ಬೇಡವಾ?

ಸರಿ. ಸರಿ ಟೀಚರ್. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಶಿಕ್ಷಣ ಇಲಾಖೆಯಲ್ಲಿ ಕೆಲಸ ಅಂತ ಹೇಳಿದ್ದೆ ನಿಮಗೆ. ಯಾವ ಕೆಲಸ ಅಂತ ನೀವೂ ಕೇಳಲಿಲ್ಲ, ನಾನೂ ಹೇಳಲಿಲ್ಲ. "ಶಾಲಾ ವಾರ್ತೆ" ತಯಾರಾಗೋದು ನಮ್ಮಲ್ಲೇ. ನಗಬೇಡಿ ಮತ್ತೆ... ಈ ಮೀಸೆ ಹೊತ್ತವನೇ ನಿಮ್ಮ ದೊಡ್ಡಕ್ಕ.

ನಗಲಿಲ್ಲ ನೀವು. ನಕ್ಕುಬಿಟ್ಟಿದ್ರೆ ಚೆನ್ನಾಗಿತ್ತು.

ನಿಜವಾದ ದೊಡ್ಡಕ್ಕ ಒಬ್ಬರಿದ್ರು ಟೀಚರ್, ಸುಳ್ಳಲ್ಲ. ಮಕ್ಕಳ ಮನಸ್ಸಿನ ವಿಷಯ ಓದಿಕೊಂಡವರು. ಒಂದು ಉತ್ತರ ಬರೆಯೋ ಮುಂಚೆ ಆ ಮನೆಗೇ ಫೋನ್ ಮಾಡಿ, ಮಗು ಹೇಗೆ ನಿದ್ದೆ ಮಾಡುತ್ತೆ, ಯಾರ ಜೊತೆ ಆಡುತ್ತೆ, ಎಲ್ಲಾ ಕೇಳೋರು. ಅವರು ನಿವೃತ್ತರಾದ್ರು, ಹೆಸರು ಪುಟದಲ್ಲೇ ಉಳೀತು. ಬೇರೆಯವರು ಬರೋವರೆಗೂ ನೀವೇ ಹೇಗೋ ತುಂಬಿಸಿ ಅಂದ್ರು ಸಾಹೇಬ್ರು. ನಾನು ಕಾಗುಣಿತ ತಿದ್ದೋನು! ಬೇರೆ ಯಾರೂ ಬರಲಿಲ್ಲ. ಯಾವಾಗ ಬರ್ತಾರೆ ಅಂತ ಕೇಳೋದನ್ನ ನಾನೂ ಬಿಟ್ಟೆ. ಯಾಕಂದ್ರೆ... ರುಚಿ ಹತ್ತಿಬಿಡ್ತು. ಬಸ್ಸಲ್ಲಿ ಪಕ್ಕದ ಹೆಂಗಸು "ದೊಡ್ಡಕ್ಕ ಎಂಥಾ ಮಾತು ಬರೆದಿದ್ದಾಳೆ ನೋಡಿ" ಅಂತ ನನಗೇ ತೋರಿಸಿದ್ರೆ, ನೀವಾಗಿದ್ರೆ ಏನು ಮಾಡ್ತಿದ್ರಿ?

ನೋಡಿ, ಹೀಗೆ ಮಾಡೋಣ. ನಾಳೆ ಬೆಳಿಗ್ಗೆ ನಾನೇ ಬಂದು ದೂರು ವಾಪಸ್ ತಗೋತೀನಿ. ದುಡುಕಿಬಿಟ್ಟೆ ಅಂತೀನಿ. ನಿಮ್ಮ ತರಗತಿ ನಿಮಗೆ. ದೊಡ್ಡಕ್ಕ ಯಾರು ಅನ್ನೋದು ಮಾತ್ರ ಇಲ್ಲೇ ಉಳೀಲಿ, ನಿಮ್ಮ ನಮ್ಮ ನಡುವೆ. ಇಬ್ಬರಿಗೂ ಒಳ್ಳೇದು. ಏನಂತೀರಿ?



ಪುಟದ ಮೇಲೆ ಏನು ತೋರಿಸ್ತಿದೀರಿ? "ರಾಜ್ಯದ ಎಲ್ಲ ಶಿಕ್ಷಕರು ಮತ್ತು ಪೋಷಕರಿಗಾಗಿ." ಗೊತ್ತು, ಅದನ್ನ ಬರೆದವನೂ ನಾನೇ. ಆ ಬೆರಳು ತೆಗೀರಿ. ತೆಗೀರಿ ಅಂದೆ!

ಕ್ಷಮಿಸಿ. ಕೂಗಬಾರದಿತ್ತು.

ಬೇರೆ ಊರಿಂದಲೂ ದೂರು ಬಂದಿದೆ. ನೀವು ಕೇಳದೇ ಇದ್ರೂ ಹೇಳ್ತೀನಿ. ಯಾವುದೋ ಊರಿನ ಮೇಷ್ಟ್ರು ಆಫೀಸಿಗೆ ಫೋನ್ ಮಾಡಿದ್ರು, ದೊಡ್ಡಕ್ಕನ ಹತ್ರ ಮಾತಾಡಬೇಕು ಅಂತ. ಅವರಿಲ್ಲ, ರಜೆ ಮೇಲಿದ್ದಾರೆ ಅಂದೆ. ಅಂಕಣ ಓದಿ ವೇದಿಕೆ ಹತ್ತಿಸಿದ ನಮ್ಮ ಹುಡುಗ ತಲೆ ಸುತ್ತಿ ಬಿದ್ದುಬಿಟ್ಟ, ಈಗ ನನ್ನ ಕಂಡ್ರೆ ಓಡ್ತಾನೆ, ಮುಂದೇನು ಮಾಡ್ಲಿ ಅಂತ ಕೇಳಿ ಹೇಳಿ ಸಾರ್ ಅಂದ್ರು. ಹೇಳ್ತೀನಿ ಅಂದೆ. ಏನಂತ ಹೇಳ್ಲಿ? ಅತ್ತ ಸಾಹೇಬ್ರು, ಅಂಕಣ ಎಲ್ಲರಿಗೂ ಹಿಡಿಸಿದೆ, ಆ ಹುಡುಗಿ ಈಗ ಹೇಗಿದ್ದಾಳೆ ಅಂತ ಮುಂದಿನ ಸಂಚಿಕೆಗೆ ಬರೀರಿ ಅಂತಾರೆ. ಆ ಹುಡುಗಿ ಈಗ ಹೇಗಿದ್ದಾಳೆ!

ಎಲ್ಲರೂ ಕೇಳ್ತಾರೆ, ಯಾವ ಹುಡುಗಿ, ಯಾವ ಶಾಲೆ ಅಂತ. ನೀವೊಬ್ಬರೇ ಕೇಳ್ತಿಲ್ಲ. ಕೇಳಬಾರದಾ? ಬಾಯಿ ಬಿಟ್ಟು ಕೇಳಿದ್ರೆ ಏನಾದ್ರೂ ಒಂದು ಹೇಳಿ ಪಾರಾಗ್ತಿದ್ದೆ. ಸುಮ್ಮನೆ ಕೂತು ನಮ್ಮ ಅಡುಗೆಮನೆ ಗೋಡೆ ನೋಡ್ತಿದೀರಿ...

ಹೌದು. ಅದೇ ಗೋಡೆ. ಅದೇ ಕೆರೆದ ಸುಣ್ಣ.

ವೇದಿಕೆ ಇರಲಿಲ್ಲ ಟೀಚರ್, ಮೈಕಿರಲಿಲ್ಲ, ಸಭೆಯಿರಲಿಲ್ಲ. ನಾನು ಪಾತ್ರೆ ತೊಳೀತಿದ್ದೆ. ಗುಬ್ಬಿ ನನಗೆ ಬೆನ್ನು ಹಾಕಿ ನಿಂತು, ಅವಳ ಪಾಡಿಗೆ ಅವಳು ಪದ್ಯ ಹೇಳ್ಕೊಳ್ತಿದ್ದಳು. ಎರಡು ನುಡಿ. ಒಂದೇ ಒಂದು ಅಕ್ಷರ ತಡೀಲಿಲ್ಲ! ಹುಟ್ಟಿದಾಗಿಂದ ಅವಳ ಬಾಯಲ್ಲಿ ನಾನು ಹಾಗೆ ಕೇಳಿಲ್ಲ. ಸುಮ್ಮನಿರಬೇಕಿತ್ತು. ಸುಮ್ಮನಿದ್ದಿದ್ರೆ ಮೂರನೇದೂ ಹೇಳ್ತಿದ್ದಳು. ಒದ್ದೆ ಕೈಯಲ್ಲೇ ಚಪ್ಪಾಳೆ ತಟ್ಟಿಬಿಟ್ಟೆ ಟೀಚರ್. ಮಗು ಬೆಚ್ಚಿಬಿದ್ದಳು. ಅಲ್ಲಿಗೇ ನಿಂತುಹೋಯ್ತು. ಮತ್ತೆ ಎಷ್ಟು ಗೋಗರೆದ್ರೂ ಹೇಳಲಿಲ್ಲ.

ಮಾರನೇ ದಿನ ಪುಟ ಖಾಲಿ ಇತ್ತು. ಎರಡು ನುಡಿಗೆ ನಿಂತ ಕಥೆ ಯಾರಿಗೆ ಬೇಕು? ಉಳಿದದ್ದನ್ನ ನಾನೇ ಹೊಸೆದೆ. ವೇದಿಕೆ ಕಟ್ಟಿದೆ, ಸಭೆ ಸೇರಿಸಿದೆ, ಒಬ್ಬ ಒಳ್ಳೇ ಟೀಚರನ್ನೂ ತಂದು ನಿಲ್ಲಿಸಿದೆ. "ಭಯಪಡೋಕೆ ಸಮಯ ಕೊಡಬೇಡಿ" ಅನ್ನೋದು ಕೇಳೋಕೆ ಚೆನ್ನಾಗಿತ್ತು, ಅದಕ್ಕೆ ಬರೆದೆ. ಅಷ್ಟೇ. ಅದು ಸುತ್ತಿ ಬಳಸಿ ನನ್ನ ಮಗಳ ತಲೆ ಮೇಲೇ ಬಂದು ಬಿತ್ತು. ನಾನು ನಿಮ್ಮ ಕಡೆ ಬೆರಳು ತೋರಿಸಿದೆ.

ಬೈದುಬಿಡಿ ಟೀಚರ್. ಏನಾದ್ರೂ ಅನ್ನಿ.

ಇರಿ. ನಿಮ್ಮ ಮುಖ್ಯ ಶಿಕ್ಷಕರಿಗೇ ಹೇಳ್ತೀನಿ, ಫೋನ್ ಎಲ್ಲಿಟ್ಟೆ... ಹಲೋ, ಸಾರ್, ನಾನು ಗುಬ್ಬಿ ಅಪ್ಪ. ಟೀಚರದ್ದು ತಪ್ಪಿಲ್ಲ ಸಾರ್. ಅವರು ದೊಡ್ಡಕ್ಕ ಹೇಳಿದ ಹಾಗೆ ಮಾಡಿದ್ರು, ಆ ದೊಡ್ಡಕ್ಕ ನಾನೇ... ಹೌದು ಸಾರ್, ನಾನೇ. ಕುಡಿದಿಲ್ಲ ಸಾರ್! ಆ ಕಥೆ ಸುಳ್ಳು, ಅಂಥದ್ದು ಎಲ್ಲೂ ನಡೆದಿಲ್ಲ. ಮುಂದಿನ ಸಂಚಿಕೇಲಿ ಅದನ್ನೇ ಬರೀತೀನಿ, ನನ್ನ ಹೆಸರು ಹಾಕಿ. ಇಲಾಖೆಯವರು ಅಚ್ಚು ಹಾಕದಿದ್ರೆ, ಅದನ್ನ ನಂಬಿದ ಇನ್ನೊಬ್ಬ ಮೇಷ್ಟ್ರಿಗಾದ್ರೂ ನಾನೇ ಫೋನ್ ಮಾಡ್ತೀನಿ. ನಾಳೆ ಬಂದು ನಿಮ್ಮೆದುರೂ ಹೇಳ್ತೀನಿ. ಇಡ್ತೀನಿ ಸಾರ್.

ಆಯ್ತು. ಕೆಲಸ ಉಳಿಯುತ್ತೋ ಹೋಗುತ್ತೋ... ಯಾಕೆ ಟೀಚರ್, ನನ್ನ ಹಿಂದೆ ಏನು ನೋಡ್ತಿದೀರಿ?

ಗುಬ್ಬೀ... ಯಾವಾಗ ಎದ್ದು ಬಂದ್ಯೋ ಕಂದಾ? ಎಲ್ಲಾ ಕೇಳಿಸ್ಕೊಂಡ್ಯಾ? ಟೀಚರ್ ಹತ್ರ ಹೋಗ್ತೀಯಾ? ಹೋಗು, ಹೋಗು. ಏನೋ ಹೇಳಬೇಕಾ? "ತ..." ಏನು, ತಿಂಡಿಯಾ? ಹಸಿವಾ? "ತ... ತ..." ತಪ್ಪು ಅಂತಲಾ? ಅಪ್ಪಂದು ತಪ್ಪು ಅಂತಲಾ ಮಗಳೇ? ತಲೆನೋವಾ? ಹೇಳು, ಹೇಳು ಬೇಗ...

ಹ್ಞಾಂ? ಏನು ಟೀಚರ್, ಯಾಕೆ ಕೈ ಅಡ್ಡ ಹಿಡಿದ್ರಿ?

ಸರಿ... ಕೈ ಇಳಿಸಿ. ಅವಳೇ ಹೇಳಲಿ. ಎಷ್ಟು ಹೊತ್ತಾದ್ರೂ ಆಗಲಿ. ನಾನು ಸುಮ್ಮನಿರ್ತೀನಿ.