ಬಿಸಿಲು ಬೆಂಚಿನ ಕೆಲಸ

"ನಮ್ಮೆಜಮಾನ್ರು ಇಂಟರ್ವ್ಯೂನಲ್ಲಿ ಫೇಲಾದ್ರು ಕಣೇ!"

ಬ್ರೆಡ್ಡಿನ ವ್ಯಾನಿಗೆ ಕಾಯುತ್ತಿದ್ದ ಸಾಲಿನಲ್ಲಿ ಒಬ್ದೂಲಿಯಾ ಹೀಗೆಂದಾಗ, ಹಿಂದೆ ನಿಂತಿದ್ದ ಕಾಲೇಜು ಹುಡುಗಿ ಲೊರೇನಾ ಮೊಬೈಲಿನಿಂದ ತಲೆಯೆತ್ತಿದಳು. ಒಬ್ದೂಲಿಯಾಳ ಗಂಡ ಎಲಾದಿಯೋ ತಾತನಿಗೆ ಎಂಬತ್ತು ದಾಟಿತ್ತು.

"ಈ ವಯಸ್ಸಲ್ಲಿ ಯಾವ ಕೆಲಸಕ್ಕೆ ಅಕ್ಕಾ?" ಎಂದಳು ಪಕ್ಕದ ಮನೆಯ ಕಸಿಲ್ದಾ.

"ಚರ್ಚ್ ಮುಂದಿನ ಬೆಂಚಲ್ಲಿ ಬಿಸಿಲು ಕಾಯಿಸ್ಕೊಂಡು ಕೂರೋ ಕೆಲಸ. ಟೂರಿಸ್ಟ್‌ಗಳ ಫೋಟೋಗೆ ಹಳ್ಳಿ ಮುದುಕ ಬೇಕಂತೆ. ಪುರಸಭೆಯಿಂದ ಸಂಬಳ."

"ಅವರು ಇಷ್ಟು ವರ್ಷದಿಂದ ಅಲ್ಲೇ ತಾನೇ ಕೂರೋದು?"

"ಅದನ್ನೇ ಇವ್ರೂ ಹೇಳಿದ್ರು. ಪುರಸಭೆಯವರು, ಟ್ರ್ಯಾಕ್ ಪ್ಯಾಂಟ್ ಹಾಕಿದೀರ, ಹಳ್ಳಿಯವರ ಥರ ಕಾಣಲ್ಲ ಅಂದ್ಬಿಟ್ರು."

"ಮತ್ತೆ ಯಾರು ಪಾಸಾದ್ರು?"

"ಸರಗೋಸಾ ಪಟ್ಟಣದಿಂದ ಬಂದ ನಾಟಕದೋನು. ಉಣ್ಣೆ ಟೋಪಿ, ಊರುಗೋಲು, ಅಂಟಿಸಿದ ಹುಬ್ಬು. ನಾಳೆಯಿಂದ ಅವನ ಡ್ಯೂಟಿ, ನೀವು ಆ ಬೆಂಚಿಗೆ ಬರಬೇಡಿ ಅಂದ್ರಂತೆ. ನಮ್ಮೋರು ನಿನ್ನೆಯಿಂದ ಗೋಡೆ ನೋಡ್ಕೊಂಡು ಕೂತಿದಾರೆ, ಊಟ ಮುಟ್ಟಿಲ್ಲ."

ಅಲ್ಲಿಯವರೆಗೆ ಲೊರೇನಾಗೆ ನಗು ತಡೆಯಲಾಗಿರಲಿಲ್ಲ. ಈ ಮಾತಿಗೆ ಅವಳು ನಗು ನಿಲ್ಲಿಸಿ ಮೊಬೈಲನ್ನು ಜೇಬಿಗಿಟ್ಟಳು.

ವ್ಯಾನು ಹಾರ್ನ್ ಹೊಡೆಯುತ್ತಾ ಬಂತು. ಒಬ್ದೂಲಿಯಾ, ಕಸಿಲ್ದಾ ಇಬ್ಬರೂ ಬ್ರೆಡ್ಡು ಕೊಂಡು ಕಂಕುಳಲ್ಲಿ ಸಿಕ್ಕಿಸಿಕೊಂಡರು.

"ನಾಳೆ ಬೆಳಿಗ್ಗೆ ಬೆಂಚ್ ಹತ್ರ ಬಾರೇ. ಆ ನಾಟಕದೋನು ಬರೋ ಮುಂಚೆ ನಾವೇ ಕೂತ್ಬಿಡೋಣ," ಎಂದಳು ಒಬ್ದೂಲಿಯಾ.

"ಅಯ್ಯೋ, ಅದು ಗಂಡಸರ ಬೆಂಚು! ನಮ್ಮಜ್ಜಿ ಕಾಲದಿಂದ್ಲೂ ಅಲ್ಲಿ ಹೆಂಗಸರು ಕೂತಿಲ್ಲ."

"ನಾಳೆ ಕೂರ್ತೀವಿ. ನೀನು ಆ ಕಡೆ, ನಾನು ಈ ಕಡೆ, ಮಧ್ಯ ನಮ್ಮೆಜಮಾನ್ರಿಗೆ ಜಾಗ."

ಕಸಿಲ್ದಾ ಬ್ರೆಡ್ಡನ್ನು ಇನ್ನೊಂದು ಕಂಕುಳಿಗೆ ಬದಲಿಸಿದಳು.

"ಏಳಕ್ಕೇ ಬರ್ತೀನಿ ಅಕ್ಕಾ. ಹೆಣಿಗೇನೂ ತರ್ತೀನಿ, ಸಂಜೆವರೆಗೂ ಏಳೋದು ಬೇಡ."

ಇಬ್ಬರೂ ಏರುದಾರಿ ಹತ್ತಿ ಹೋದರು.