ಏಳು ಕಿಲೋಮೀಟರ್, ಯಾವ ದಿಕ್ಕಿಗೆ?

ಅಧ್ಯಕ್ಷ ಸ್ಥಾನದಲ್ಲಿರುವ ಮುಖ್ಯೋಪಾಧ್ಯಾಯರೇ, ಸಹೋದ್ಯೋಗಿಗಳೇ, ಮಕ್ಕಳೇ, ಮುಂದಿನ ಸಾಲಿನಲ್ಲಿ ಕೂತು ಗಡಿಯಾರ ನೋಡುತ್ತಿರುವ ನನ್ನ ಹೆಂಡತಿಯೇ, ಸಭಿಕರೇ,

ನನ್ನ ನಿವೃತ್ತಿಗೆ ಗೋಡೆ ಗಡಿಯಾರ ಕೊಟ್ಟಿದ್ದೀರಿ, ಸಂತೋಷ. ಆದರೆ ಅದು ನಾಲ್ಕು ನಿಮಿಷ ಮುಂದಿದೆ. ನನ್ನನ್ನು ಬೇಗ ಸಾಗಹಾಕುವ ಉಪಾಯವೋ ಏನೋ! ನಗಬೇಡಿ. ಅನುಮಾನಂ ಪೆದ್ದ ರೋಗಂ ಅನ್ನುತ್ತಾರಲ್ಲ, ಆ ರೋಗ ನನಗೆ ಹುಟ್ಟಿದಾಗಿನಿಂದ ಇದೆ.

ಮೂವತ್ತೊಂದು ವರ್ಷ ನಾನು ಇಲ್ಲಿ ಏನು ಕಲಿಸಿದೆ? ಎಷ್ಟು ಜೋರಾಗಿ ಹೋಗುತ್ತದೆ ಎಂಬುದು ಜವ. ಅದಕ್ಕೆ ದಿಕ್ಕು ಸೇರಿದರೆ ವೇಗ. ವೇಗ ಬದಲಾಗುವ ದರ ವೇಗೋತ್ಕರ್ಷ. ಉತ್ತರದಲ್ಲಿ ದಿಕ್ಕು ಬರೆಯದವರಿಗೆ ಸೊನ್ನೆ. ಅತ್ತವರಿಗೂ ಸೊನ್ನೆ, ಅಪ್ಪನನ್ನು ಕರೆತಂದವರಿಗೂ ಸೊನ್ನೆ.

ನನ್ನ ಹೆಂಡತಿಯ ಸ್ಕೂಟರಿನ ಮೀಟರು ಪ್ರತಿ ಗುರುವಾರ ಸಂಜೆ ಹದಿನಾಲ್ಕು ಕಿಲೋಮೀಟರ್ ಹೆಚ್ಚು ತೋರಿಸುತ್ತಿತ್ತು. "ಎಲ್ಲಿಗೆ ಹೋಗಿದ್ದೆ?" ಅಂದರೆ, "ಇಲ್ಲೇ ರೀ, ಎಲ್ಲಿಗೂ ಇಲ್ಲ." ಹೋಗಿಬರಲು ಹದಿನಾಲ್ಕು ಅಂದರೆ ಹೋಗಲು ಏಳು. ಏಳು ಕಿಲೋಮೀಟರ್ ದೂರದಲ್ಲಿ ಯಾರ ಮನೆ? ಅಧ್ಯಕ್ಷರೇ, ತಮ್ಮದು! ಗುರುವಾರ ಮಧ್ಯಾಹ್ನ ಮೀಟಿಂಗ್ ಅಂತ ಶಾಲೆಯಲ್ಲಿ ಇಲ್ಲದವರು ಯಾರು? ತಾವೇ! ಒಂದು ವರ್ಷ ನಾನು ತಮಗೆ ನಮಸ್ಕಾರ ಹೇಳದಿದ್ದದ್ದು ಅದಕ್ಕೆ. ಸ್ವಲ್ಪ ನೀರು ಕುಡಿಯಿರಿ ಸರ್.

ಕಳೆದ ಗುರುವಾರ ಅರ್ಧ ದಿನ ರಜೆ ಹಾಕಿ, ಅಟೆಂಡರ್ ಬೈಕಿನಲ್ಲಿ ಅವಳ ಹಿಂದೆ ಹೋದೆ. ಪೆಟ್ರೋಲ್ ಬಂಕಿನ ವೃತ್ತದಲ್ಲಿ ಅಧ್ಯಕ್ಷರ ಮನೆಗೆ ಬಲಕ್ಕೆ ತಿರುಗಬೇಕು. ಅವಳು ಜವ ಒಂದಿಷ್ಟೂ ತಗ್ಗಿಸದೆ ಎಡಕ್ಕೆ ತಿರುಗಿದಳು. ಜವ ಬದಲಾಗದೆ ದಿಕ್ಕು ಮಾತ್ರ ಬದಲಾದರೂ ಅದು ವೇಗೋತ್ಕರ್ಷವೇ ಅಂತ ಎಷ್ಟು ಸಲ ಹೇಳಿಲ್ಲ ನಾನು! ನಾನೂ ಬೈಕನ್ನು ಎಡಕ್ಕೆ ತಿರುಗಿಸಿದೆ. ಎಡಕ್ಕೆ ಹೋದರೂ ಏಳೇ ಕಿಲೋಮೀಟರಿಗೆ ನಮ್ಮಣ್ಣನ ಮನೆ.

ಒಂಬತ್ತು ವರ್ಷದ ಹಿಂದೆ ನಾಲ್ಕು ಜನರ ಮುಂದೆ ಅವನು "ನೀನು ನಿನ್ನ ನೆರಳನ್ನೂ ನಂಬಲ್ಲ ಕಣೋ" ಅಂದಿದ್ದ. ಅಂದಿನಿಂದ ಮಾತಿಲ್ಲ. ಲಕ್ವ ಹೊಡೆದು ಮಲಗಿದ್ದಾನೆ ಅಂತ ತಿಳಿದಾಗಲೂ ನಾನು ಹೋಗಲಿಲ್ಲ. ಅದೂ ನಾಟಕ ಅಂದುಕೊಂಡೆ.

ಅವಳು ಅವನ ಮನೆಯೊಳಗೆ ಹೋದಮೇಲೆ ಕಿಟಕಿಯಿಂದ ಇಣುಕಿದೆ. ಇವಳು ಅವನ ಕಾಲನ್ನು ಮಡಿಸಿ, ಬಿಡಿಸಿ ವ್ಯಾಯಾಮ ಮಾಡಿಸುತ್ತಿದ್ದಳು. ಅವನು ತೊದಲುತ್ತಾ, "ಹೇಗಿದ್ದಾನಮ್ಮ? ಇನ್ನೂ ಅನುಮಾನ ಪಡ್ತಾನಾ?" ಅಂದ.

"ಇಲ್ಲ ಭಾವ, ಈಗ ಎಲ್ಲ ಬಿಟ್ಟುಬಿಟ್ಟಿದ್ದಾರೆ" ಅಂದಳು ಇವಳು.

ಆಗ ನಾನು ಕಿಟಕಿಯ ಕೆಳಗೆ ಕುಕ್ಕರುಗಾಲಲ್ಲಿ ಅಡಗಿ ಕೂತಿದ್ದೆ. ನಾಚಿಕೆಯಿಂದ ಸತ್ತುಹೋಗುವಂತಾಯಿತು. ಆದರೂ ಒಳಗೆ ಹೋಗಲಿಲ್ಲ. ಅವಳಿಗಿಂತ ಮೊದಲು ಮನೆ ಸೇರಿ, ಸಂಜೆ ಮತ್ತೆ ಮೀಟರು ನೋಡಿದೆ.

ಇದ್ಯಾವುದೂ ನಾನು ಬರೆದು ತಂದ ಚೀಟಿಯಲ್ಲಿ ಇರಲಿಲ್ಲ. ಅಧ್ಯಕ್ಷರೇ, ಕ್ಷಮಿಸಿ. ಮಕ್ಕಳೇ, ದಿಕ್ಕು ಬರೆಯದೆ ಸೊನ್ನೆ ತೆಗೆದುಕೊಂಡವರ ಸಾಲಿಗೆ ನನ್ನನ್ನೂ ಸೇರಿಸಿಕೊಳ್ಳಿ.

ಇವತ್ತೂ ಗುರುವಾರ. ಅಗೋ, ಸ್ಕೂಟರ್ ಕೀ ಹಿಡಿದು ಎದ್ದು ನಿಂತಳು. ಒಂದು ನಿಮಿಷ ತಡೆಯೇ, ನಾನೂ ಬರ್ತೀನಿ. ಅಣ್ಣನ ಹತ್ತಿರ ನೀನು ಹೇಳಿದ ಸುಳ್ಳನ್ನು ನಿಜ ಮಾಡಬೇಕು. ನೀನೇ ಓಡಿಸು, ನಾನು ಹಿಂದೆ ಕೂರ್ತೀನಿ. ಅಲ್ಲಿಂದ ಮೀಟರು ಕಾಣಲ್ಲ.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ಧನ್ಯವಾದ, ನಮಸ್ಕಾರ.